ಶಾಂಪೇನ್ ಕಂಡುಹಿಡಿದದ್ದು ಕುರುಡು ಸನ್ಯಾಸಿಯೇ? ಗುಳ್ಳೆಗಳ ಜೊತೆ ಗುದ್ದಾಡಿದ ದೋಮ್ ಪೆರಿನ್ಯೋನ್ ಕಥೆ

ಹೊಸ ವರ್ಷ ಹತ್ತಿರ ಬಂದಾಗ ನಮ್ಮ ಫೋನಿಗೆ ಬರುವ ಫಾರ್ವರ್ಡ್‌ಗಳಲ್ಲಿ ಇದೂ ಒಂದು. ಫ್ರಾನ್ಸ್ ದೇಶದ ಒಬ್ಬ ಕುರುಡು ಸನ್ಯಾಸಿ, ಹೆಸರು ದೋಮ್ ಪೆರಿನ್ಯೋನ್, ಆಕಸ್ಮಿಕವಾಗಿ ವೈನ್‌ನಲ್ಲಿ ಗುಳ್ಳೆ ಬರಿಸುವುದನ್ನು ಕಂಡುಹಿಡಿದರಂತೆ. ಮೊದಲ ಗುಟುಕು ಕುಡಿದವರೇ, ತಾನು ನಕ್ಷತ್ರಗಳನ್ನು ಕುಡಿಯುತ್ತಿದ್ದೇನೆಂದು ಕೂಗಿ ಉಳಿದ ಸನ್ಯಾಸಿಗಳನ್ನು ಕರೆದರಂತೆ. ಅಂದಿನಿಂದ ಶಾಂಪೇನ್ ಹುಟ್ಟಿತಂತೆ.

ಇನ್ನೊಂದು ಬಗೆಯ ಫಾರ್ವರ್ಡ್ ವರ್ಷವಿಡೀ ಬರುತ್ತದೆ. ಮನೆಯಲ್ಲೇ ಜಿಂಜರ್ ಬಿಯರ್, ಕೊಂಬುಚಾ, ದ್ರಾಕ್ಷಿ ವೈನ್ ಮಾಡುವ ವಿಡಿಯೋಗಳು. ಹೊರದೇಶದಲ್ಲಿರುವ ಗೆಳೆಯರಾದರೆ ನೇರವಾಗಿ ಬಿಯರ್ ಮಾಡುವ ವಿಡಿಯೋವನ್ನೇ ಕಳಿಸುತ್ತಾರೆ. ಹಲವು ವಿಡಿಯೋಗಳಲ್ಲಿ ಕೊನೆಯ ಸಲಹೆ ಒಂದೇ: ಗುಳ್ಳೆ ಬರುವುದು ನಿಂತರೆ ಕೆಲಸ ಮುಗಿಯಿತು, ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ.

ಮೊದಲನೆಯ ಫಾರ್ವರ್ಡ್ ಬಹುಪಾಲು ಸುಳ್ಳು. ಎರಡನೆಯದು ಅಪಾಯಕಾರಿ. ಎರಡನ್ನೂ ಒಟ್ಟಿಗೆ ನೋಡಲು ಕಾರಣವಿದೆ. ಗುಳ್ಳೆ ನಿಂತಿತೆಂದು ನಂಬಿ ಬಾಟಲಿ ತುಂಬಿದರೆ ಏನಾಗುತ್ತದೆ ಎಂಬುದು ಪೆರಿನ್ಯೋನ್ ಅವರ ಕಾಲದ ನೆಲಮಾಳಿಗೆಗಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬಾಟಲಿಗಳು ಪಟಪಟನೆ ಒಡೆಯುತ್ತಿದ್ದವು.

ಲೆಕ್ಕಪತ್ರ ನೋಡುತ್ತಿದ್ದ ಸನ್ಯಾಸಿ

ಪಿಯೆರ್ ಪೆರಿನ್ಯೋನ್ ಹುಟ್ಟಿದ್ದು 1638ರ ಕೊನೆಗೆ, ಫ್ರಾನ್ಸ್‌ನ ಈಶಾನ್ಯ ಭಾಗದ ಸೈಂತ್ ಮನೂ ಎಂಬ ಊರಿನಲ್ಲಿ. ಫ್ರಾನ್ಸ್‌ನ ರಾಜ 14ನೇ ಲೂಯಿ ಹುಟ್ಟಿದ್ದೂ ಅದೇ ವರ್ಷ, ಇಬ್ಬರೂ ಸತ್ತದ್ದೂ ಒಂದೇ ತಿಂಗಳಲ್ಲಿ, 1715ರ ಸೆಪ್ಟೆಂಬರ್. ಇಂಥ ಕಾಕತಾಳೀಯಗಳು ಫಾರ್ವರ್ಡ್ ಆಗಲು ಹೇಳಿಮಾಡಿಸಿದಂತಿರುತ್ತವೆ, ಆದರೆ ಇದು ಮಾತ್ರ ನಿಜ.

ಹರೆಯದಲ್ಲೇ ಅವರು ಬೆನೆಡಿಕ್ಟೀನ್ ಪಂಥದ ಮಠ ಸೇರಿದರು. ಹೆಸರಿನ ಮುಂದಿರುವ ದೋಮ್ ಎಂಬುದು ಅವರ ಹೆಸರಲ್ಲ. ಆ ಪಂಥದ ಸನ್ಯಾಸಿಗಳಿಗೆ ಗೌರವಕ್ಕೆ ಸೇರಿಸುವ ಬಿರುದು, ನಾವು ಸ್ವಾಮಿ ಎಂದ ಹಾಗೆ. ವೆರ್ಡನ್‌ನ ಮಠದಲ್ಲಿ ತರಬೇತಿ ಮುಗಿಸಿ, 1668ರಲ್ಲಿ ಶಾಂಪೇನ್ ಸೀಮೆಯ ಓವಿಲೇರ್ ಎಂಬ ಹಳ್ಳಿಯ ಮಠಕ್ಕೆ ಬಂದರು. ಮಾರ್ನ್ ನದಿಯ ಕಣಿವೆಗೆ ಮುಖಮಾಡಿ ಗುಡ್ಡದ ಮೇಲಿರುವ ಊರು ಅದು. ಅಲ್ಲಿಂದ ಮುಂದಿನ 47 ವರ್ಷ, ಸಾಯುವವರೆಗೂ, ಅವರು ಅಲ್ಲೇ ಇದ್ದರು.

ಅಲ್ಲಿ ಅವರ ಕೆಲಸ ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮ್ಯಾನೇಜರ್‌ದು. ಮಠದ ಜಮೀನು, ಉಗ್ರಾಣ, ಕೊಡು-ಕೊಳ್ಳುವ ವ್ಯವಹಾರ, ನೆಲಮಾಳಿಗೆಯಲ್ಲಿದ್ದ ವೈನ್ ಎಲ್ಲವೂ ಅವರ ಕೈಯಲ್ಲಿತ್ತು. ಯುದ್ಧಗಳಿಂದ ಸೊರಗಿದ್ದ ಮಠಕ್ಕೆ ವೈನ್ ಮಾರಾಟವೇ ದೊಡ್ಡ ಆದಾಯ. ಪೆರಿನ್ಯೋನ್ ದ್ರಾಕ್ಷಿ ತೋಟಗಳನ್ನು ವಿಸ್ತರಿಸಿದರು, ಓವಿಲೇರ್ ವೈನ್‌ಗೆ ಒಳ್ಳೆಯ ಬೆಲೆ ಬರುವಂತೆ ಮಾಡಿದರು. ಇಷ್ಟು ವರ್ಷ ತೋಟ, ಲೆಕ್ಕ, ವ್ಯಾಪಾರ ನಡೆಸಿದ ವ್ಯಕ್ತಿ ಕುರುಡರಾಗಿದ್ದರು ಎಂಬ ಮಾತನ್ನು ನಂಬುವುದು ನಮಗಂತೂ ಕಷ್ಟ.

ಗುಳ್ಳೆ ಎಂದರೆ ನಷ್ಟ

ಶಾಂಪೇನ್ ಸೀಮೆ ಚಳಿಯ ನಾಡು. ದ್ರಾಕ್ಷಿ ಹಣ್ಣಾಗುವುದು ತಡ. ಹಿಂಡಿದ ರಸವನ್ನು ಮರದ ಪೀಪಾಯಿಗೆ ತುಂಬಿ ಹುದುಗಲು ಬಿಡುವ ಹೊತ್ತಿಗೆ ಚಳಿಗಾಲ ಬಂದುಬಿಡುತ್ತಿತ್ತು. ರಸದಲ್ಲಿರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಮಾಡುತ್ತದೆ. ಹುದುಗುವುದು ಎಂದರೆ ಇದೇ. ಚಳಿ ಹೆಚ್ಚಾದರೆ ಯೀಸ್ಟ್ ಸಾಯುವುದಿಲ್ಲ, ಕೆಲಸ ನಿಲ್ಲಿಸಿ ಮಲಗುತ್ತದೆ. ಗುಳ್ಳೆ ನಿಲ್ಲುತ್ತದೆ. ವೈನ್ ತಿಳಿಯಾಗಿ, ಶಾಂತವಾಗಿ ಕಾಣುತ್ತದೆ. ನೋಡಿದವರಿಗೆ ಎಲ್ಲ ಮುಗಿದಂತೆಯೇ ಅನಿಸುತ್ತದೆ.

ಆದರೆ ತಿನ್ನದೆ ಉಳಿದ ಸಕ್ಕರೆ ಒಳಗೇ ಇದೆ. ವಸಂತಕಾಲದಲ್ಲಿ ಬಿಸಿಲು ಏರಿದಾಗ ಯೀಸ್ಟ್ ಮತ್ತೆ ಎದ್ದು ಬಿಟ್ಟ ಊಟ ಮುಂದುವರಿಸುತ್ತದೆ. ವೈನ್ ಪೀಪಾಯಿಯಲ್ಲೇ ಇದ್ದರೆ ಅನಿಲ ಹೇಗೋ ಹೊರಗೆ ಹೋಗುತ್ತದೆ. ಬಿರಡೆ ಹಾಕಿದ ಬಾಟಲಿಯಲ್ಲಿದ್ದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ.

ದೋಸೆ ಹಿಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟು, ಒಂದು ದಿನ ಹೊರಗೆ ಮರೆತವರಿಗೆ ಇದು ಬೇಗ ಅರ್ಥವಾಗುತ್ತದೆ. ಫ್ರಿಜ್‌ನಲ್ಲಿ ಸುಮ್ಮನಿದ್ದ ಹಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಉಬ್ಬಿ ಮುಚ್ಚಳವನ್ನೇ ಎತ್ತಿಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದ್ದರಿಂದ ಕಟ್ಟೆ ಒರೆಸಿದರೆ ಮುಗಿಯಿತು. ಗಾಜಿನ ಬಾಟಲಿಯಾದರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಆ ಕಾಲದ ಫ್ರಾನ್ಸ್‌ನ ಬಾಟಲಿಗಳು ಸೌದೆ ಒಲೆಯಲ್ಲಿ ಮಾಡಿದ ತೆಳು ಗಾಜಿನವು. ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸಾಲಿನಲ್ಲಿ ಒಂದು ಒಡೆದರೆ ಅದರ ಚೂರು ತಗುಲಿ ಪಕ್ಕದ್ದೂ ಒಡೆಯುತ್ತಿತ್ತು, ಆಮೇಲೆ ಅದರ ಪಕ್ಕದ್ದು. ಮಠದ ಲೆಕ್ಕ ಬರೆಯುವವನ ಕಣ್ಣಿನಿಂದ ನೋಡಿ: ಒಂದು ವರ್ಷದ ದುಡಿಮೆ ನೆಲದ ಮೇಲೆ ಹರಿದುಹೋಗುತ್ತಿದೆ.

ಹಾಗಾಗಿ ಪೆರಿನ್ಯೋನ್ ಗುಳ್ಳೆ ಬರಿಸಲು ಹೋಗಲಿಲ್ಲ. ಅವರ ಹೆಸರಿನೊಂದಿಗೆ ಸೇರಿರುವ ಪದ್ಧತಿಗಳನ್ನು ನೋಡಿದರೆ ಗುಳ್ಳೆಯಿಲ್ಲದ, ಸ್ಥಿರವಾದ ವೈನ್ ಮಾಡುವುದೇ ಗುರಿಯಾಗಿತ್ತು ಎಂಬುದು ಕಾಣುತ್ತದೆ. ಬಿಳಿ ದ್ರಾಕ್ಷಿಯ ವೈನ್ ವಸಂತದಲ್ಲಿ ಮತ್ತೆ ನೊರೆಯೇಳುವುದು ಹೆಚ್ಚು ಎಂದು ಅದನ್ನು ಬಿಟ್ಟು, ಕಪ್ಪು ದ್ರಾಕ್ಷಿಯಿಂದಲೇ ಬಿಳಿ ವೈನ್ ತೆಗೆಯುವುದನ್ನು ಇಷ್ಟಪಟ್ಟರು. ಇದು ಸುಲಭದ ಕೆಲಸವಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ಹಣ್ಣು ಜಜ್ಜಿಹೋಗಬಾರದು, ಬಿಸಿಲು ಏರುವ ಮುಂಚೆ ಕೊಯ್ಯಬೇಕು, ಬೇಗ ಮತ್ತು ಮೆತ್ತಗೆ ಹಿಂಡಬೇಕು. ಗಿಡಗಳನ್ನು ಕಡಿದು ಗಿಡ್ಡವಾಗಿಟ್ಟು ಇಳುವರಿ ಕಡಿಮೆಯಾದರೂ ಪರವಾಗಿಲ್ಲ, ಹಣ್ಣು ಚೆನ್ನಾಗಿರಲಿ ಎಂದರು. ಬೇರೆಬೇರೆ ತೋಟಗಳ ದ್ರಾಕ್ಷಿಯನ್ನು ಹಿಂಡುವ ಮೊದಲೇ ರುಚಿ ನೋಡಿ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಬೆರೆಸುವುದರಲ್ಲಿ ಅವರು ಹೆಸರುವಾಸಿ. ನಮ್ಮ ಪ್ರಕಾರ ಅವರ ನಿಜವಾದ ಸಾಧನೆ ಇದೇ. ಇವತ್ತಿಗೂ ಶಾಂಪೇನ್ ತಯಾರಿಕೆ ನಿಂತಿರುವುದು ಈ ಬೆರಕೆಯ ಮೇಲೆ.

ಗುಳ್ಳೆಯನ್ನು ಬೇಕೆಂದೇ ಬರಿಸಿದವರು ಬೇರೆಯವರು. ಶಾಂಪೇನ್ ಸೀಮೆಯ ವೈನನ್ನು ಪೀಪಾಯಿಗಳಲ್ಲಿ ಕೊಂಡು ಲಂಡನ್‌ನಲ್ಲಿ ಬಾಟಲಿಗೆ ತುಂಬುತ್ತಿದ್ದ ಇಂಗ್ಲಿಷರಿಗೆ ನೊರೆಯೇಳುವ ವೈನ್ ಇಷ್ಟವಾಗಿತ್ತು. 1662ರಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯರು ಲಂಡನ್‌ನ ರಾಯಲ್ ಸೊಸೈಟಿಗೆ ಕೊಟ್ಟ ಲೇಖನದಲ್ಲಿ, ವೈನ್‌ಗೆ ಸಕ್ಕರೆ ಸೇರಿಸಿ ಚುರುಕಾಗಿ ಗುಳ್ಳೆಯೇಳುವಂತೆ ಮಾಡುವ ರೂಢಿಯನ್ನು ಬರೆದಿದ್ದಾರೆ. ಪೆರಿನ್ಯೋನ್ ಓವಿಲೇರ್‌ಗೆ ಕಾಲಿಟ್ಟದ್ದು ಅದಾದ ಆರು ವರ್ಷಕ್ಕೆ. ಇಂಗ್ಲೆಂಡಿನಲ್ಲಿ ಇದು ಸಾಧ್ಯವಾಗಲು ಕಾರಣ ಗಾಜು. ಹಡಗು ಕಟ್ಟಲು ಮರ ಬೇಕೆಂದು 1615ರಲ್ಲಿ ಅಲ್ಲಿನ ರಾಜ ಗಾಜಿನ ಕುಲುಮೆಗಳಿಗೆ ಸೌದೆ ಬಳಸುವುದನ್ನು ನಿಷೇಧಿಸಿದ. ಕುಲುಮೆಯವರು ಕಲ್ಲಿದ್ದಲಿಗೆ ಬದಲಾದರು. ಹೆಚ್ಚು ಬಿಸಿಯಲ್ಲಿ ಕರಗಿದ ಗಾಜಿನಿಂದ ದಪ್ಪ, ಗಟ್ಟಿ ಬಾಟಲಿ ಬಂತು.

ಅವರಿಗೆ ಇಲ್ಲದೇ ಇದ್ದದ್ದು ಏನು?

ಪೆರಿನ್ಯೋನ್ ಅವರಿಗೆ ಹಣ್ಣಿನ ಜ್ಞಾನವಿತ್ತು, ತಾಳ್ಮೆಯಿತ್ತು, ಅನುಭವವಿತ್ತು. ಆದರೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಸಾಧನ ಇರಲಿಲ್ಲ: ಈ ವೈನ್ ಹುದುಗುವುದು ನಿಜವಾಗಿ ಮುಗಿದಿದೆಯೋ, ಅಥವಾ ಬರೀ ಮಲಗಿದೆಯೋ?

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಿವಿಗೂ ಅಷ್ಟೇ. ನಾಲಿಗೆ ಸ್ವಲ್ಪ ಸಹಾಯ ಮಾಡಬಹುದು, ಆದರೆ ಹುಳಿ ವೈನ್‌ನಲ್ಲಿ ಲೀಟರ್‌ಗೆ ಹತ್ತು ಗ್ರಾಂ ಸಕ್ಕರೆ ಅಡಗಿದ್ದರೆ ಪಳಗಿದ ನಾಲಿಗೆಯೂ ಮೋಸ ಹೋಗಬಹುದು. ಹುದುಗುವುದು ಏಕೆಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಅವರ ಸಮಕಾಲೀನರಾದ ಹಾಲೆಂಡಿನ ಲ್ಯೂವೆನ್‌ಹುಕ್ 1680ರಲ್ಲಿ ತಮ್ಮ ಸೂಕ್ಷ್ಮದರ್ಶಕದಲ್ಲಿ ಬಿಯರ್‌ನ ಯೀಸ್ಟ್ ಕಣಗಳನ್ನು ನೋಡಿದ್ದರು, ಆದರೆ ಅವು ಜೀವಿಗಳೆಂದು ಅವರಿಗೂ ಹೊಳೆಯಲಿಲ್ಲ. ಹುದುಗಿಸುವುದು ಜೀವಂತ ಯೀಸ್ಟ್‌ನ ಕೆಲಸ ಎಂದು ಲೂಯಿ ಪಾಶ್ಚರ್ ತೋರಿಸಿದ್ದು 1850ರ ದಶಕದ ಕೊನೆಯಲ್ಲಿ. ಆ ಹೊತ್ತಿಗೆ ಪೆರಿನ್ಯೋನ್ ತೀರಿಕೊಂಡು 140 ವರ್ಷ ದಾಟಿತ್ತು.

ಅವರು ಸತ್ತ ಮೇಲೆ ಗುಳ್ಳೆಯ ವೈನ್ ಪ್ಯಾರಿಸ್ ಶ್ರೀಮಂತರ ಫ್ಯಾಷನ್ ಆಯಿತು. 1728ರಲ್ಲಿ ಶಾಂಪೇನ್ ವೈನನ್ನು ಬಾಟಲಿಗಳಲ್ಲೇ ಸಾಗಿಸಲು ರಾಜಾಜ್ಞೆ ಹೊರಟಿತು. 1735ರಲ್ಲಿ ಬಾಟಲಿಯ ತೂಕ, ಅಳತೆಗೂ ನಿಯಮ ಬಂತು. ಆದರೂ ಒಡೆಯುವುದು ನಿಲ್ಲಲಿಲ್ಲ. ಕೆಟ್ಟ ವರ್ಷಗಳಲ್ಲಿ ಕೆಲವು ನೆಲಮಾಳಿಗೆಗಳಲ್ಲಿ ಅರ್ಧಕ್ಕರ್ಧ ಬಾಟಲಿ ಹೋಗುತ್ತಿದ್ದವು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಂಡು ಒಳಗೆ ಹೋಗುತ್ತಿದ್ದರು, ಇವತ್ತು ವಿಕೆಟ್‌ಕೀಪರ್ ಹೆಲ್ಮೆಟ್‌ನ ಜಾಲರಿ ಇರುತ್ತದಲ್ಲ, ಆ ರೀತಿ. ನೆಲಮಾಳಿಗೆಗೆ ಹೋದವನ ಕಣ್ಣು ಉಳಿಯುವುದು ಆ ಮುಖವಾಡದಿಂದ.

ದಾರಿ ತೋರಿಸಿದ್ದು ಒಬ್ಬ ಔಷಧಿ ಅಂಗಡಿಯವರು. ಪೆರಿನ್ಯೋನ್ ಓದಿದ ಊರಾದ ಶಾಲೋನ್‌ನಲ್ಲೇ ಇದ್ದ ಜಾನ್ ಬಾಪ್ತಿಸ್ತ್ ಫ್ರಾಂಸ್ವಾ, 1836ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಬಾಟಲಿ ತುಂಬುವ ಮೊದಲು ವೈನ್‌ನಲ್ಲಿ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆಯಿರಿ, ಬೇಕಾದ ಗುಳ್ಳೆಗೆ ಎಷ್ಟು ಸಕ್ಕರೆ ಬೇಕೋ ಅದರಲ್ಲಿ ಇದನ್ನು ಕಳೆಯಿರಿ, ಉಳಿದಷ್ಟನ್ನು ಮಾತ್ರ ಸೇರಿಸಿ. ಇಷ್ಟೇ. ಅದಾದ ಮೇಲೆ, ಗಾಜೂ ಸುಧಾರಿಸುತ್ತ ಬಂದಂತೆ, ಒಡೆಯುವ ಬಾಟಲಿಗಳು ಕಡಿಮೆಯಾಗುತ್ತ ಹೋದವು. ಫ್ರಾಂಸ್ವಾ ಹೆಸರಿನಲ್ಲಿ ಯಾವ ದುಬಾರಿ ಬಾಟಲಿಯೂ ಇಲ್ಲ. ಇದು ನಮಗೆ ಸ್ವಲ್ಪ ಬೇಜಾರಿನ ಸಂಗತಿ.

ಈಗಿನ ಅಳತೆಯಲ್ಲಿ, ಬಾಟಲಿಯೊಳಗೆ ಹುದುಗುವ ಪ್ರತಿ ಲೀಟರ್‌ಗೆ 4 ಗ್ರಾಂ ಸಕ್ಕರೆ ನೆಲಮಾಳಿಗೆಯ ತಂಪಿನಲ್ಲಿ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚಿಸುತ್ತದೆ. ಶಾಂಪೇನ್‌ಗೆ ಸುಮಾರು 24 ಗ್ರಾಂ ಹಾಕುತ್ತಾರೆ, ಒತ್ತಡ ಆರು ವಾತಾವರಣಕ್ಕೆ ಹೋಗುತ್ತದೆ. ಕಾರಿನ ಟೈರಿನಲ್ಲಿರುವುದರ ಸುಮಾರು ಎರಡೂವರೆಯಿಂದ ಮೂರು ಪಟ್ಟು. ಅದಕ್ಕೇ ಶಾಂಪೇನ್ ಬಾಟಲಿ ಅಷ್ಟು ದಪ್ಪ, ತಳ ಅಷ್ಟು ಒಳಕ್ಕೆ.

ಹಾಗಾದರೆ ನಕ್ಷತ್ರದ ಕಥೆ ಎಲ್ಲಿಂದ ಬಂತು?

ಫ್ರೆಂಚ್ ಕ್ರಾಂತಿಯಲ್ಲಿ ಓವಿಲೇರ್ ಮಠ ಮುಚ್ಚಿತು. ಅಲ್ಲಿ ಹಿಂದೆ ಸನ್ಯಾಸಿಯಾಗಿದ್ದ ದೋಮ್ ಗ್ರೊಸಾರ್ ಎಂಬುವರು 1821ರಲ್ಲಿ ಒಂದು ಪತ್ರ ಬರೆದು, ಗುಳ್ಳೆಯ ಬಿಳಿ ವೈನ್ ಮಾಡುವ ಗುಟ್ಟು ಕಂಡುಹಿಡಿದದ್ದು ಪೆರಿನ್ಯೋನ್ ಎಂದರು. ಪೆರಿನ್ಯೋನ್ ಸತ್ತು ಆಗ 106 ವರ್ಷ. ತಮ್ಮ ಮಠದ ಹಿರಿಮೆ ಹೇಳಿಕೊಳ್ಳುವ ಆಸೆ ಅವರಿಗೆ ಇದ್ದಿರಬಹುದು. ಆಮೇಲೆ ವ್ಯಾಪಾರಿಗಳು ಆ ಕಥೆಯನ್ನು ಎತ್ತಿಕೊಂಡರು. ಪುರಾತನ ಮಠ, ಧ್ಯಾನಸ್ಥ ಸನ್ಯಾಸಿ, ಆಕಸ್ಮಿಕ ಪವಾಡ. ಮಾರಾಟಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಇನ್ನೇನು ಬೇಕು? ನಕ್ಷತ್ರ ಕುಡಿದ ಮಾತು ಕಾಣಿಸಿಕೊಳ್ಳುವುದು 19ನೇ ಶತಮಾನದ ಕೊನೆಯ ಜಾಹೀರಾತಿನಲ್ಲಿ. ಪೆರಿನ್ಯೋನ್ ಹೆಸರಿನ ಶಾಂಪೇನ್ ಮಾರುಕಟ್ಟೆಗೆ ಬಂದದ್ದು 1936ರಲ್ಲಿ, 1921ರ ಬೆಳೆಯ ದ್ರಾಕ್ಷಿಯದ್ದು. ಜೀವಮಾನವಿಡೀ ಗುಳ್ಳೆ ಬೇಡವೆಂದು ಹೆಣಗಿದವರ ಹೆಸರು ಗುಳ್ಳೆಯ ಬಾಟಲಿಯ ಮೇಲೇ ಕೂತಿತು.

ಈಗ ಎರಡನೆಯ ಫಾರ್ವರ್ಡ್‌ಗೆ ಬರೋಣ

ಮೊದಲೇ ಹೇಳಿಬಿಡುತ್ತೇವೆ: ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಅಮೆರಿಕ, ಬ್ರಿಟನ್‌ನಂಥ ಕಡೆ ಸ್ವಂತ ಬಳಕೆಗೆ ಮಾಡಿಕೊಳ್ಳಲು ಅವಕಾಶವಿದೆ, ಅಲ್ಲಿನ ಕನ್ನಡಿಗರಿಗೂ ಇದೊಂದು ಹವ್ಯಾಸವಾಗಿರಬಹುದು. ಈ ಭಾಗ ಅವರಿಗೆ, ಮತ್ತು ಮನೆಯಲ್ಲಿ ಜಿಂಜರ್ ಬಿಯರ್, ಕೊಂಬುಚಾ ಮಾಡುವವರಿಗೆ.

ಬಿಯರ್ ಹುದುಗಿಸುವ ಪಾತ್ರೆಯ ಮೇಲೆ ಏರ್‌ಲಾಕ್ ಎಂಬ ನೀರು ತುಂಬಿದ ಪುಟ್ಟ ಕೊಳವೆ ಇರುತ್ತದೆ. ಅನಿಲ ಅದರ ಮೂಲಕ ಬುಳುಬುಳು ಎಂದು ಹೊರಬರುತ್ತದೆ. ಈ ಬುಳುಬುಳು ನಿಂತರೆ ಬಿಯರ್ ಸಿದ್ಧ ಎಂಬುದೇ ಆ ಫಾರ್ವರ್ಡ್‌ನ ಸಲಹೆ. ಅದು ನಿಲ್ಲಲು ಬೇರೆ ಕಾರಣಗಳೂ ಇವೆ. ಮುಚ್ಚಳದ ಸಂದಿಯಿಂದ ಅನಿಲ ಸೋರುತ್ತಿರಬಹುದು. ರಾತ್ರಿ ಚಳಿಗೆ ಯೀಸ್ಟ್ ಮಲಗಿರಬಹುದು, ಓವಿಲೇರ್‌ನಲ್ಲಿ ಆದಂತೆ. ಇದರ ಉಲ್ಟಾ ಕೂಡ ನಿಜ. ಹುದುಗುವುದು ಮುಗಿದ ಮೇಲೂ, ಕೋಣೆ ಬೆಚ್ಚಗಾದರೆ ಕರಗಿದ್ದ ಅನಿಲ ಮೇಲೆದ್ದು ಗುಳ್ಳೆ ಬರುತ್ತದೆ. ಅಂದರೆ ಗುಳ್ಳೆ ಎರಡೂ ಕಡೆ ಸುಳ್ಳು ಹೇಳಬಲ್ಲದು. ಇಷ್ಟು ದಿನವಾಯಿತು, ಆಗಿರಬೇಕು ಎಂಬ ಲೆಕ್ಕವೂ ಇದೇ ಜಾತಿ.

ನಂಬಬಹುದಾದದ್ದು ಹೈಡ್ರೋಮೀಟರ್. ಹಾಲಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಲು ತೇಲಿಬಿಡುವ ಲ್ಯಾಕ್ಟೋಮೀಟರ್ ನೋಡಿದ್ದೀರಲ್ಲ? ಅದರದ್ದೇ ಸೋದರ. ದ್ರವ ದಟ್ಟವಾಗಿದ್ದಷ್ಟೂ ಅದು ಮೇಲೆ ತೇಲುತ್ತದೆ. ಸಕ್ಕರೆ ಕರಗಿದ ದ್ರವ ದಟ್ಟ. ಯೀಸ್ಟ್ ಸಕ್ಕರೆ ತಿಂದಂತೆಲ್ಲ ದ್ರವ ತೆಳುವಾಗಿ ಕೊಳವೆ ಕೆಳಗಿಳಿಯುತ್ತದೆ. ಬಿಯರ್ ತಯಾರಿಕೆಗೆ ಈ ಅಳತೆಯನ್ನು ಇಂಗ್ಲೆಂಡಿನ ಜಾನ್ ರಿಚರ್ಡ್‌ಸನ್ 1784ರಲ್ಲೇ ಪುಸ್ತಕ ಬರೆದು ಜನಪ್ರಿಯಗೊಳಿಸಿದರು.

ನೀರಿಗೆ 1.000 ಎಂದು ತೋರಿಸುವ ಈ ಕೊಳವೆ, ಹುದುಗುವ ಮೊದಲಿನ ಮಾಲ್ಟ್ ರಸದಲ್ಲಿ ಸಾಮಾನ್ಯವಾಗಿ 1.050ರ ಆಸುಪಾಸು ತೋರಿಸುತ್ತದೆ. ಮುಗಿದ ಬಿಯರ್‌ನಲ್ಲಿ 1.010ರ ಹತ್ತಿರ. ಮಾಲ್ಟ್, ಯೀಸ್ಟ್ ಬೇರೆಯಾದರೆ ಈ ಅಂಕಿಯೂ ಬೇರೆಯಾಗುತ್ತದೆ, ಆದ್ದರಿಂದ ಅಂಕಿಯೊಂದನ್ನೇ ನಂಬಬೇಡಿ. ಒಂದೆರಡು ದಿನ ಬಿಟ್ಟು ಮತ್ತೆ ಅಳೆಯಿರಿ, ಇನ್ನೆರಡು ದಿನಕ್ಕೆ ಮತ್ತೊಮ್ಮೆ. ಮೂರೂ ಸಲ ಒಂದೇ ಅಂಕಿ ಬಂದು, ಅದು ನಿಮ್ಮ ಪಾಕವಿಧಾನ ಹೇಳುವ ಕೊನೆಯ ಅಂಕಿಯ ಹತ್ತಿರವೂ ಇದ್ದರೆ ತುಂಬಬಹುದು. ಅಂಕಿ ನಿಂತಿದೆ ಆದರೆ 1.020ರಲ್ಲೇ ನಿಂತಿದೆ ಎಂದಾದರೆ ಅನುಮಾನಪಡಿ. ಪಾತ್ರೆಯನ್ನು ಸ್ವಲ್ಪ ಬೆಚ್ಚಗಿನ ಜಾಗಕ್ಕೆ ತಂದು ಕೆಲವು ದಿನ ಕಾದು ನೋಡಿ. ಅಳೆಯುವಾಗ ಗುಳ್ಳೆಗಳು ಕೊಳವೆಗೆ ಅಂಟಿ ಮೇಲೆತ್ತದಂತೆ ಒಂದು ಸಲ ತಿರುಗಿಸಿ ಬಿಡಿ.

ಅವಸರದ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. 1.010ಕ್ಕೆ ನಿಲ್ಲಬೇಕಾದ ಬಿಯರನ್ನು 1.015 ಇರುವಾಗಲೇ ತುಂಬಿದರೆ ಲೀಟರ್‌ಗೆ ಸುಮಾರು 10 ಗ್ರಾಂ ಸಕ್ಕರೆ ಹೆಚ್ಚಾಗಿ ಒಳಗೆ ಹೋಗುತ್ತದೆ. ಗುಳ್ಳೆಗೆಂದು ಬಾಟಲಿ ತುಂಬುವಾಗ 6ರಿಂದ 8 ಗ್ರಾಂ ಸಕ್ಕರೆ ಸೇರಿಸುವುದು ರೂಢಿ, ಅದೂ ಇದಕ್ಕೆ ಕೂಡುತ್ತದೆ. ಒಟ್ಟು ಶಾಂಪೇನ್‌ನ ಅಳತೆಯ ಹತ್ತಿರ ಹೋಯಿತು. ಆದರೆ ಬಾಟಲಿ ಶಾಂಪೇನ್‌ನದ್ದಲ್ಲ, ತೆಳು ಗಾಜಿನ ಬಿಯರ್ ಬಾಟಲಿ. ಮೇಲಾಗಿ ಅದು ಇರುವುದು ತಂಪಾದ ನೆಲಮಾಳಿಗೆಯಲ್ಲೂ ಅಲ್ಲ, ಬೆಚ್ಚಗಿನ ಅಡುಗೆಮನೆ ಕಪಾಟಿನಲ್ಲಿ. ಬಿಸಿ ಏರಿದಂತೆ ಒತ್ತಡ ಇನ್ನೂ ಏರುತ್ತದೆ.

ಜಿಂಜರ್ ಬಿಯರ್, ಕೊಂಬುಚಾ ವಿಷಯ ಸ್ವಲ್ಪ ಬೇರೆ. ಇವು ಸಿಹಿಯಾಗಿರಲಿ ಎಂದೇ ಸಕ್ಕರೆ ಉಳಿದಿರುವಾಗ ಬಾಟಲಿಗೆ ಹಾಕುತ್ತಾರೆ. ಅಂದರೆ ಇಲ್ಲಿ ಹುದುಗುವುದು ಮುಗಿದಿರುವುದೇ ಇಲ್ಲ. ಹಾಗಾಗಿ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದನ್ನೇ ತುಂಬಿ ಪಕ್ಕದಲ್ಲಿಡಿ. ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಲ್ಲ ಬಾಟಲಿಗಳನ್ನೂ ತಕ್ಷಣ ಫ್ರಿಜ್‌ಗೆ ಹಾಕಿ. ಫ್ರಿಜ್ ಕೂಡ ಯೀಸ್ಟನ್ನು ನಿಧಾನ ಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ, ಆದ್ದರಿಂದ ಬೇಗ ಕುಡಿದು ಮುಗಿಸಿ. ಜಾಮ್ ಬಾಟಲಿ, ಜ್ಯೂಸ್ ಬಾಟಲಿ, ಚೌಕಾಕಾರದ ಗಾಜಿನ ಬಾಟಲಿಗಳು ಇದಕ್ಕೆ ಆಗುವುದೇ ಇಲ್ಲ. ಅವು ಒತ್ತಡ ತಡೆಯಲು ಮಾಡಿದವಲ್ಲ.

ಇದನ್ನು ಓದುವಾಗಲೇ ಕಪಾಟಿನಲ್ಲಿಟ್ಟ ಬಾಟಲಿ ನೆನಪಾಗಿ ಗಾಬರಿಯಾದರೆ, ಓಡಿಹೋಗಿ ಬರಿಗೈಯಲ್ಲಿ ಎತ್ತಬೇಡಿ. ಅಲುಗಾಡಿಸಬೇಡಿ. ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ಕಣ್ಣಿಗೆ ದಪ್ಪ ಕನ್ನಡಕ, ಬೈಕಿನ ಹೆಲ್ಮೆಟ್ ಇದ್ದರೆ ಗಾಜು ಇಳಿಸಿಕೊಂಡು ಅದನ್ನೇ ಹಾಕಿ, ಕೈಗೆ ದಪ್ಪ ಗ್ಲೌಸ್. ಬಾಟಲಿಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಮೆಲ್ಲಗೆ ಫ್ರಿಜ್‌ನಲ್ಲಿಟ್ಟು, ಪೂರ್ತಿ ತಣ್ಣಗಾದ ಮೇಲೆ, ಅಂದರೆ ಮಾರನೇ ದಿನ, ಟವೆಲ್ ಸುತ್ತಿಕೊಂಡೇ ಸಿಂಕ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಮುಚ್ಚಳ ಸಡಿಲಿಸಿ.